ಕತ್ತಲಲ್ಲಿ ಇಲಿ ಹಿಡಿಯುವ ಗೂಬೆಯ ತಲೆಯೊಳಗಿನ ಲೆಕ್ಕ

ಕಣದಲ್ಲಿ ಹರಡಿದ ಶೇಂಗಾ ಒಣಗಿದೆಯೋ ಇಲ್ಲವೋ ಅಂತ ನಾವು ಹೇಗೆ ನೋಡ್ತೀವಿ? ಒಂದು ಹಿಡಿ ಕಾಯಿ ತಗೊಂಡು ಕಿವಿ ಹತ್ತಿರ ಅಲ್ಲಾಡಿಸ್ತೀವಿ, ಗಲಗಲ ಅನ್ನಬೇಕು. ಒಡೆದು ಬೀಜವನ್ನು ಬೆರಳ ಮಧ್ಯೆ ಉಜ್ಜಿದರೆ ಮೇಲಿನ ಕೆಂಪು ಸಿಪ್ಪೆ ಬಿಡಬೇಕು. ಹಲ್ಲಿಗೆ ಕೊಟ್ಟರೆ ಪಟ್ ಅಂತ ಮುರೀಬೇಕು. ಕಿವಿ ಒಂದು ಮಾತು ಹೇಳುತ್ತೆ, ಬೆರಳು ಒಂದು, ಹಲ್ಲು ಒಂದು, ಕಣ್ಣು ಇನ್ನೊಂದು. ಎಲ್ಲವೂ ಒಂದೇ ಮಾತು ಹೇಳಿದರೆ ಆ ಸಂಜೆಯೇ ಚೀಲ ತುಂಬುತ್ತೀವಿ. ಒಂದು ಹೌದು ಅಂದು ಇನ್ನೊಂದು ಇಲ್ಲ ಅಂದರೆ ಎರಡು ದಿನ ತಡೀತೀವಿ. ಈ ಪಂಚಾಯ್ತಿ ನಡೆಯೋದು ತಲೆಯೊಳಗೆ. ನಡೆಯುತ್ತಿದೆ ಅನ್ನೋದೂ ನಮಗೆ ಗೊತ್ತಾಗೋದಿಲ್ಲ.

ಇದು ತಲೆಯಲ್ಲಿ ಎಲ್ಲಿ ನಡೆಯುತ್ತೆ, ಹೇಗೆ ನಡೆಯುತ್ತೆ ಅಂತ ತಿಳಿಯಲು ವಿಜ್ಞಾನಿಗಳು ಹಲವು ಪ್ರಾಣಿಗಳನ್ನು ನೋಡಿದ್ದಾರೆ. ಅದರಲ್ಲಿ ಬಹಳ ಚೆನ್ನಾಗಿ ತಿಳಿದಿರೋದು ಒಂದು ಹಕ್ಕಿಯ ತಲೆ. ಆ ಹಕ್ಕಿ ನಮ್ಮ ಹೊಲಕ್ಕೂ ಬರುತ್ತೆ. ಅದೇ ಗೂಬೆ.

ಗೂಬೆಯ ಹೆಸರೆತ್ತಿದರೆ ಮುಖ ಸಿಂಡರಿಸುವವರೇ ಹೆಚ್ಚು. ತಪ್ಪು ಯಾರದೋ, ಗೂಬೆ ಕೂರಿಸೋದು ಇನ್ಯಾರ ಮೇಲೋ ಅಂತ ಮಾತೇ ಇದೆ. ಮನೆ ಮೇಲೆ ಗೂಬೆ ಕೂತರೆ ಸಾವು ಅಂತ ಓಡಿಸ್ತಾರೆ, ಕಲ್ಲು ಹೊಡೀತಾರೆ. ಅದೇ ಮನೆಯ ಅಟ್ಟದಲ್ಲಿ ಇಲಿ ರಾಗಿ ಚೀಲ ಕತ್ತರಿಸುತ್ತಾ ಇರುತ್ತೆ. ಇಲಿಯನ್ನು ಯಾರೂ ಅಪಶಕುನ ಅನ್ನೋದಿಲ್ಲ. ಶಕುನದ ಮಾತು ಬಿಟ್ಟು ಕೆಲಸದ ಮಾತು ಬರೆಯೋಣ ಅಂತ ಇದನ್ನು ಬರೀತಿದ್ದೇನೆ.

ಯಾವ ಗೂಬೆ?

ನಮ್ಮ ಬಯಲುಸೀಮೆಯಲ್ಲಿ ಎಲ್ಲರೂ ಕಂಡಿರೋದು ಮೂರು ಜಾತಿ. ಹಗಲಲ್ಲೂ ಮರದ ಪೊಟರೆಯಿಂದ ಇಣುಕಿ ಕಿಚಕಿಚ ಅನ್ನುವ ಸಣ್ಣದು ಹಾಲಕ್ಕಿ. ಬುಡುಬುಡಿಕೆಯವರು ಹಾಲಕ್ಕಿ ನುಡಿತೈತೆ ಅಂತಾರಲ್ಲ, ಅದೇ. ಕಲ್ಲುಗುಡ್ಡದ ಸಂದಿಯಲ್ಲಿ ಇರುವ, ತಲೆ ಮೇಲೆ ಎರಡು ಕೊಂಬಿನ ಹಾಗೆ ಪುಕ್ಕ ಎದ್ದಿರುವ ದೊಡ್ಡದು ಕೊಂಬಿನ ಗೂಬೆ. ಮೂರನೆಯದು ಕಣಜ ಗೂಬೆ. ಮುಖ ಬಿಳಿ, ಹೃದಯದ ಆಕಾರ, ಎದೆ ಬಿಳಿ, ಬೆನ್ನು ಮಾಸಲು ಹೊಂಬಣ್ಣ. ಪಾಳು ಗುಡಿ, ಹಳೇ ಶಾಲೆಯ ಹೆಂಚಿನ ಕೆಳಗೆ, ಊರ ನೀರಿನ ಟ್ಯಾಂಕಿನ ಹತ್ತಿರ ಇರುತ್ತೆ. ಕೂಗು ಅಂದರೆ ಕೂಗಲ್ಲ, ಬಟ್ಟೆ ಹರಿದ ಹಾಗೆ ಒಂದು ಕಿರುಚು. ಮರಿಗಳು ಹಾವಿನ ಹಾಗೆ ಬುಸ್ ಅಂತಾವೆ. ಜನ ಹೆದರೋದು ಇದಕ್ಕೇ. ಮುಂದೆ ಬರೆಯೋದೆಲ್ಲ ಈ ಕಣಜ ಗೂಬೆಯ ವಿಷಯ.

ಇದರ ಊಟ ಬಹುಪಾಲು ಇಲಿ. ಇಲಿಯ ಗಾತ್ರ ನೋಡಿಕೊಂಡು ರಾತ್ರಿಗೆ ಒಂದೆರಡು, ಸಣ್ಣವಾದರೆ ಮೂರ್ನಾಲ್ಕು ತಿನ್ನುತ್ತೆ. ಮರಿ ಇರುವಾಗ ಗಂಡು ಹೆಣ್ಣು ಎರಡೂ ರಾತ್ರಿಯಿಡೀ ಸಾಗಿಸ್ತಾ ಇರ್ತಾವೆ.

ಪೂರಾ ಕತ್ತಲಲ್ಲಿ ಪರೀಕ್ಷೆ

ಗೂಬೆಗೆ ಕತ್ತಲಲ್ಲಿ ಕಣ್ಣು ಕಾಣುತ್ತೆ ಅಂತ ನಾವು ಹೇಳ್ತೀವಿ. ಅರ್ಧ ನಿಜ. ನಮಗಿಂತ ಬಹಳ ಕಡಿಮೆ ಬೆಳಕಿನಲ್ಲಿ ಅದಕ್ಕೆ ಕಾಣುತ್ತೆ. ಆದರೆ ಒಂದು ಚೂರೂ ಬೆಳಕಿಲ್ಲದ ಕಡೆ ಯಾವ ಕಣ್ಣಿಗೂ ಕಾಣೋದಿಲ್ಲ, ಗೂಬೆಗೂ ಕಾಣೋದಿಲ್ಲ.

ಅಮೆರಿಕದ ರೋಜರ್ ಪೇನ್ ಅನ್ನುವವರು ಇದನ್ನು ಪರೀಕ್ಷೆ ಮಾಡಿ 1971ರಲ್ಲಿ ಪೂರ್ತಿ ವಿವರ ಪ್ರಕಟಿಸಿದರು. (ತಿಮಿಂಗಿಲದ ಹಾಡನ್ನು ಲೋಕಕ್ಕೆ ಕೇಳಿಸಿದ್ದೂ ಇವರೇ. 2023ರಲ್ಲಿ ತೀರಿಕೊಂಡರು.) ಬೆಳಕು ನುಸುಳದ ಹಾಗೆ ಮುಚ್ಚಿದ ಒಂದು ಕೋಣೆ, ನೆಲದ ಮೇಲೆ ಒಣ ಎಲೆ. ಒಳಗೆ ಒಂದು ಗೂಬೆ, ಒಂದು ಇಲಿ. ಇಲಿ ಎಲೆಯ ಮೇಲೆ ಸರಬರ ಅಂತ ಹೆಜ್ಜೆ ಇಟ್ಟಾಗ ಗೂಬೆ ಹಾರಿ ನೇರವಾಗಿ ಅದರ ಮೇಲೆ ಕಾಲೂರಿತು. ವಾಸನೆ ಹಿಡಿದು ಬಂತೋ, ಇಲಿಯ ಮೈ ಬಿಸಿ ತಿಳಿದು ಬಂತೋ ಅಂತ ಸಂದೇಹ ಬರುತ್ತೆ. ಅದಕ್ಕೆ ಇಲಿಯ ಬದಲು ಇಲಿಯಷ್ಟು ದಪ್ಪದ ಕಾಗದದ ಉಂಡೆಯನ್ನು ಎಲೆಯ ಮೇಲೆ ಎಳೆದು ನೋಡಿದರು. ಕಾಗದಕ್ಕೆ ಬಿಸಿ ಇಲ್ಲ, ಇಲಿ ವಾಸನೆ ಇಲ್ಲ. ಗೂಬೆ ಅದನ್ನೂ ಹಿಡಿಯಿತು! ಒಂದು ಕಿವಿಗೆ ಹತ್ತಿ ತುರುಕಿದಾಗ ಮಾತ್ರ ಗುರಿ ತಪ್ಪಿತು. ಅಂದರೆ ಪೂರಾ ಕತ್ತಲಲ್ಲಿ ಅದು ಬೇಟೆ ಆಡೋದು ಕಿವಿಯಿಂದ. ಅದೂ ಎರಡು ಕಿವಿ ಸರಿ ಇದ್ದರೆ.

ಮುಖವೇ ಒಂದು ಮೊರ

ಕಣಜ ಗೂಬೆಯ ಮುಖ ಮೊರದ ಹಾಗೆ ಸ್ವಲ್ಪ ಒಳಗೆ ತಗ್ಗಿದೆ. ಅಂಚಿನಲ್ಲಿ ಗಟ್ಟಿ ಪುಕ್ಕದ ಸಾಲು. ಮೊರ ಕಾಳನ್ನು ಒಂದು ಕಡೆಗೆ ತರುವ ಹಾಗೆ ಇದು ಶಬ್ದವನ್ನು ಕಿವಿಯ ಕಡೆಗೆ ತಿರುಗಿಸುತ್ತೆ. ಕಿವಿ ನಮಗೆ ಕಾಣೋದಿಲ್ಲ, ಈ ಪುಕ್ಕದ ಹಿಂದೆ ಎರಡು ತೂತು ಇದಾವೆ.

ವಿಶೇಷ ಇರೋದು ಇಲ್ಲಿ. ಎರಡು ಕಿವಿ ಒಂದೇ ಮಟ್ಟದಲ್ಲಿಲ್ಲ. ಎಡಗಿವಿ ಸ್ವಲ್ಪ ಮೇಲೆ ಇದ್ದು ಕೆಳಮುಖವಾಗಿದೆ. ಬಲಗಿವಿ ಸ್ವಲ್ಪ ಕೆಳಗಿದ್ದು ಮೇಲ್ಮುಖವಾಗಿದೆ. ಸೊಟ್ಟ ಕಿವಿ ಅಂತ ನಗಬೇಡಿ. ಈ ಸೊಟ್ಟತನದಿಂದಲೇ ಶಬ್ದ ಮೇಲಿಂದ ಬಂತೋ ಕೆಳಗಿಂದ ಬಂತೋ ಅಂತ ಅದಕ್ಕೆ ತಿಳಿಯೋದು. ಕೆಳಗಿನ ಶಬ್ದ ಎಡಗಿವಿಗೆ ಜೋರಾಗಿ ಕೇಳುತ್ತೆ, ಮೇಲಿನದು ಬಲಗಿವಿಗೆ ಜೋರು. ಎರಡರ ಜೋರಿನ ವ್ಯತ್ಯಾಸವೇ ಎತ್ತರದ ಅಳತೆ.

ಎಡಕ್ಕೋ ಬಲಕ್ಕೋ ಅನ್ನೋದಕ್ಕೆ ಬೇರೆ ಅಳತೆ, ಅದು ಕಾಲದ ಅಳತೆ. ಎಡಗಡೆ ಇಲಿ ಸರಿದಾಡಿದರೆ ಶಬ್ದ ಎಡಗಿವಿಗೆ ಮೊದಲು ಮುಟ್ಟುತ್ತೆ, ಬಲಗಿವಿಗೆ ಆಮೇಲೆ. ಎಷ್ಟು ಆಮೇಲೆ? ಒಂದು ಸೆಕೆಂಡನ್ನು ಹತ್ತು ಲಕ್ಷ ತುಂಡು ಮಾಡಿದರೆ, ಅದರಲ್ಲಿ ಹೆಚ್ಚೆಂದರೆ ಎರಡು-ಎರಡೂವರೆ ನೂರು ತುಂಡಿನಷ್ಟು. ನೇರ ಮುಂದೆ ಇದ್ದರೆ ವ್ಯತ್ಯಾಸ ಸೊನ್ನೆ. ಇಷ್ಟು ಸಣ್ಣ ಕಾಲವನ್ನು ಒಂದು ಹಕ್ಕಿಯ ತಲೆ ಹೇಗೆ ಅಳೆಯುತ್ತೆ? ಗಡಿಯಾರ ಇದೆಯಾ?

ಗಡಿಯಾರ ಇಲ್ಲ, ಸಾಲು ಇದೆ. ಹೊಲದ ಒಂದು ಉದ್ದ ಸಾಲನ್ನು ಯೋಚನೆ ಮಾಡಿ. ಎರಡು ತುದಿಯಿಂದ ಇಬ್ಬರು ಒಂದೇ ವೇಗದಲ್ಲಿ ಕಳೆ ಕೀಳುತ್ತಾ ಎದುರುಬದುರು ಬರ್ತಾರೆ. ಇಬ್ಬರೂ ಒಂದೇ ಹೊತ್ತಿಗೆ ಶುರು ಮಾಡಿದರೆ ಸಾಲಿನ ನಡುವೆ ಸೇರ್ತಾರೆ. ಬಲಗಡೆಯವನು ತಡವಾಗಿ ಬಂದರೆ ಸೇರುವ ಜಾಗ ಬಲಕ್ಕೆ ಸರಿಯುತ್ತೆ. ನೀವು ಮಧ್ಯಾಹ್ನ ಹೊಲಕ್ಕೆ ಹೋಗಿ ಅವರು ಎಲ್ಲಿ ಸೇರಿದ್ದಾರೆ ಅಂತ ನೋಡಿದರೆ ಸಾಕು, ಯಾರು ಎಷ್ಟು ತಡವಾಗಿ ಬಂದರು ಅಂತ ಗಡಿಯಾರ ನೋಡದೆ ಹೇಳಬಹುದು. ಗೂಬೆಯ ತಲೆಯಲ್ಲೂ ಎಡಗಿವಿಯ ನರ ಒಂದು ಕಡೆಯಿಂದ, ಬಲಗಿವಿಯ ನರ ಇನ್ನೊಂದು ಕಡೆಯಿಂದ ಬರ್ತಾವೆ. ನಡುವೆ ಸಾಲಾಗಿ ನರಕೋಶಗಳು ಕೂತಿದಾವೆ. ಎರಡೂ ಕಡೆಯ ಸುದ್ದಿ ಯಾವ ಕೋಶಕ್ಕೆ ಒಟ್ಟಿಗೆ ಮುಟ್ಟಿತೋ ಆ ಕೋಶ ಎದ್ದು ಕೂಗುತ್ತೆ. ಯಾವುದು ಕೂಗಿತು ಅನ್ನೋದರ ಮೇಲೆ ದಿಕ್ಕು ತೀರ್ಮಾನ.

ಹೀಗೆ ಇರಬಹುದು ಅಂತ 1948ರಲ್ಲೇ ಲಾಯ್ಡ್ ಜೆಫ್ರೆಸ್ ಅನ್ನುವವರು ಬರೀ ಯೋಚನೆಯಿಂದ ಹೇಳಿದ್ದರು. ನಿಜವಾಗಿ ಗೂಬೆಯ ತಲೆಯಲ್ಲಿ ಇದೇ ಏರ್ಪಾಟು ಇದೆ ಅಂತ ತೋರಿಸಿದ್ದು ಕ್ಯಾಥರೀನ್ ಕಾರ್ ಮತ್ತು ಮಸಾಕಜು ಕೊನಿಶಿ. ಅದಕ್ಕೆ ನಲವತ್ತು ವರ್ಷ ಹಿಡಿಯಿತು. ಕೊನಿಶಿ ಜಪಾನಿನ ಕ್ಯೋಟೋದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದವರು. ಗೂಬೆಯ ಕಿವಿಗೇ ತಮ್ಮ ಆಯುಸ್ಸಿನ ಬಹುಪಾಲು ಕೊಟ್ಟರು.

ತಲೆಯೊಳಗೆ ಒಂದು ನಕ್ಷೆ

ಎತ್ತರದ ಅಳತೆ ಬೇರೆ, ಅಡ್ಡದ ಅಳತೆ ಬೇರೆ. ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದು ನಡುಮಿದುಳಿನಲ್ಲಿ ಸೇರ್ತಾವೆ. ಅಲ್ಲಿ ಏನಾಗುತ್ತೆ ಅಂತ 1978ರಲ್ಲಿ ಎರಿಕ್ ನುಡ್ಸೆನ್ ಮತ್ತು ಕೊನಿಶಿ ತೋರಿಸಿದರು. ಅಲ್ಲಿನ ಒಂದೊಂದು ನರಕೋಶಕ್ಕೂ ಒಂದೊಂದು ಜಾಗ ಹಂಚಿಕೆ ಆಗಿದೆ. ಒಂದು ಕೋಶ ಎಡಕ್ಕೆ ಸ್ವಲ್ಪ ಕೆಳಗಿನ ಶಬ್ದಕ್ಕೆ ಮಾತ್ರ ಓಗೊಡುತ್ತೆ. ಪಕ್ಕದ ಕೋಶ ಅದರ ಪಕ್ಕದ ಜಾಗಕ್ಕೆ. ಊರಿನ ಸರ್ವೆ ನಕ್ಷೆಯಲ್ಲಿ ಪಕ್ಕದ ಪಕ್ಕದ ಹೊಲಕ್ಕೆ ಪಕ್ಕದ ಪಕ್ಕದ ನಂಬರು ಇರುತ್ತಲ್ಲ, ಹಾಗೆ. ಗೂಬೆ ಹೊರಗಿನ ಲೋಕದ ನಕ್ಷೆಯೊಂದನ್ನು ಬರೀ ಶಬ್ದದಿಂದ ತಲೆಯೊಳಗೆ ಬರೆದಿಟ್ಟುಕೊಂಡಿದೆ.

ಇನ್ನು ಕಣ್ಣು. ಗೂಬೆಯ ಕಣ್ಣುಗುಡ್ಡೆ ನಮ್ಮ ಹಾಗೆ ಗೋಲಿ ಅಲ್ಲ, ಕೊಳವೆಯ ಹಾಗೆ ಉದ್ದ. ಗೂಡಿನೊಳಗೆ ಅದು ಹೊರಳೋದಿಲ್ಲ. ನಾವು ತಲೆ ಅಲ್ಲಾಡಿಸದೆ ಓರೆಗಣ್ಣಿಂದ ನೋಡಬಹುದು, ಗೂಬೆಗೆ ಅದು ಆಗೋದಿಲ್ಲ. ಏನು ನೋಡಬೇಕಾದರೂ ತಲೆಯನ್ನೇ ತಿರುಗಿಸಬೇಕು. ಅದಕ್ಕೇ ಕುತ್ತಿಗೆ ಬೆನ್ನಿನ ತನಕ, ಅದಕ್ಕೂ ಆಚೆ ತಿರುಗುತ್ತೆ. ಇದನ್ನು ನೋಡಿಯೇ ದೆವ್ವ ಅಂದದ್ದು ನಮ್ಮವರು. ವಿಜ್ಞಾನಿಗಳಿಗೆ ಇದು ಅನುಕೂಲವಾಯಿತು. ಗೂಬೆ ಮುಖ ಎತ್ತ ತಿರುಗಿಸಿತೋ ಅತ್ತ ಅದಕ್ಕೆ ಶಬ್ದ ಕೇಳಿತು ಅಂತ ಲೆಕ್ಕ. ಬಾಯಿ ಬಿಟ್ಟು ಕೇಳಬೇಕಾಗಿಲ್ಲ.

ಕಣ್ಣಿಂದ ಬಂದ ಸುದ್ದಿಗೂ ನಡುಮಿದುಳಿನಲ್ಲಿ ಒಂದು ನಕ್ಷೆ ಇದೆ. ನುಡ್ಸೆನ್ 1982ರಲ್ಲಿ ತೋರಿಸಿದ್ದು ಏನೆಂದರೆ, ಕಿವಿಯ ನಕ್ಷೆ ಮತ್ತು ಕಣ್ಣಿನ ನಕ್ಷೆ ಅಲ್ಲಿ ಒಂದರ ಮೇಲೊಂದು ಹೊಂದಿಸಿ ಇಟ್ಟಂತೆ ಇದಾವೆ. ಒಂದೇ ಕೋಶ ಒಂದು ಜಾಗದ ಬೆಳಕಿಗೂ ಏಳುತ್ತೆ, ಅದೇ ಜಾಗದ ಶಬ್ದಕ್ಕೂ ಏಳುತ್ತೆ. ತಲೆ ತಿರುಗಿಸು ಅನ್ನುವ ಅಪ್ಪಣೆಯೂ ಅಲ್ಲಿಂದಲೇ ಹೊರಡುತ್ತೆ. ಕಣ್ಣು ಬೇರೆ ಕಚೇರಿ, ಕಿವಿ ಬೇರೆ ಕಚೇರಿ, ಫೈಲು ಅಲ್ಲಿಂದ ಇಲ್ಲಿಗೆ ಅಲೆಯಬೇಕು ಅನ್ನುವ ಹಾಗಿಲ್ಲ. ಎರಡಕ್ಕೂ ಒಂದೇ ಮೇಜು.

ಹೀಗೆ ಸೇರಿಸೋದರಿಂದ ಲಾಭ ಏನು? ಕಿವಿ ಚುರುಕು, ಆದರೆ ಗುರಿಯಲ್ಲಿ ಕಣ್ಣಿನಷ್ಟು ನಿಖರ ಅಲ್ಲ. ಕಣ್ಣು ನಿಖರ, ಆದರೆ ತಲೆ ತಿರುಗಿಸುವಷ್ಟರಲ್ಲಿ ಸ್ವಲ್ಪ ತಡ. ಬೆಳಕು ಮತ್ತು ಶಬ್ದ ಎರಡೂ ಒಂದೇ ಜಾಗದಿಂದ ಬಂದಾಗ ಗೂಬೆ ಕಿವಿಯ ಚುರುಕಿನಲ್ಲಿ ತಲೆ ತಿರುಗಿಸಿ ಕಣ್ಣಿನ ನಿಖರತೆಯಲ್ಲಿ ಗುರಿ ಮುಟ್ಟುತ್ತೆ ಅಂತ 2006ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಕಂಡಿತು. ಎರಡು ಎತ್ತಿನ ಗುಣ ಒಂದೇ ನೊಗದಲ್ಲಿ.

ಬೆಕ್ಕಿನ ನಡುಮಿದುಳಿನಲ್ಲೂ ಇಂಥ ಕೋಶಗಳಿದಾವೆ. ಬ್ಯಾರಿ ಸ್ಟೀನ್ ಮತ್ತು ಅಲೆಕ್ಸ್ ಮೆರೆಡಿತ್ 1983ರಲ್ಲಿ ಅದನ್ನು ವಿವರಿಸಿದರು. ಅವರಿಗೆ ಕಂಡದ್ದು ಇನ್ನೂ ಸ್ವಾರಸ್ಯ. ಮಸುಕು ಬೆಳಕು ಒಂದೇ ಇದ್ದರೆ ಕೋಶ ಅಷ್ಟಾಗಿ ಏಳೋದಿಲ್ಲ. ಸಣ್ಣ ಶಬ್ದ ಒಂದೇ ಇದ್ದರೂ ಅಷ್ಟೆ. ಎರಡೂ ಒಂದೇ ಹೊತ್ತಿಗೆ ಒಂದೇ ಜಾಗದಿಂದ ಬಂದರೆ ಎರಡನ್ನೂ ಕೂಡಿದ್ದಕ್ಕಿಂತ ಜಾಸ್ತಿ ಜೋರಾಗಿ ಏಳುತ್ತೆ. ಒಂದಕ್ಕೆ ಒಂದು ಸೇರಿ ನಾಲ್ಕಾದ ಹಾಗೆ. ಬೆಳಕೂ ಶಬ್ದವೂ ಮೊದಲೇ ಜೋರಾಗಿದ್ದರೆ ಇಷ್ಟು ಲಾಭ ಇರೋದಿಲ್ಲ, ಬಡವಾಗಿದ್ದಾಗಲೇ ಹೆಚ್ಚು. ರಾತ್ರಿ ನೀರು ತಿರುಗಿಸಲು ಹೋದಾಗ ಬದುವಿನ ಹುಲ್ಲಲ್ಲಿ ಏನೋ ಸರಕ್ ಅಂದದ್ದು, ಏನೋ ಮಿಂಚಿದ್ದು ಒಟ್ಟಿಗೆ ಆದರೆ ನಮ್ಮ ಕಾಲು ತಾನಾಗಿ ಹಿಂದಕ್ಕೆ ಬರುತ್ತಲ್ಲ. ಹಾವು ಅಂತ ಬಾಯಿ ಹೇಳೋದು ಆಮೇಲೆ. ನಮ್ಮ ನಡುಮಿದುಳಿನಲ್ಲೂ ಇದೇ ಭಾಗ ಇದೆ.

ಮರಿ ಗೂಬೆಯ ಪಾಠಶಾಲೆ

ಈ ಎರಡು ನಕ್ಷೆಗಳು ಹುಟ್ಟುವಾಗಲೇ ಹೊಂದಿಕೊಂಡು ಬರ್ತಾವೆಯೇ? ಒರಟಾಗಿ ಬರ್ತಾವೆ, ಪೂರ್ತಿ ಅಲ್ಲ. ಕಾರಣ ಇದೆ. ಮರಿಯ ತಲೆ ಸಣ್ಣದು, ಎರಡು ಕಿವಿಯ ಅಂತರ ಕಡಿಮೆ, ಮುಖದ ಪುಕ್ಕ ಇನ್ನೂ ಬಂದಿಲ್ಲ. ತಲೆ ಬೆಳೆದಂತೆ ಅಳತೆಯೇ ಬದಲಾಗುತ್ತೆ. ಹಳೇ ಸೇರಿನಲ್ಲಿ ಅಳೆದು ಹೊಸ ಸೇರಿನ ಲೆಕ್ಕ ಬರೆದರೆ ತಪ್ಪಾಗುತ್ತಲ್ಲ. ಆದ್ದರಿಂದ ಅಳತೆಯನ್ನು ದಿನಾ ತಿದ್ದಿಕೊಳ್ಳಬೇಕು.

ನುಡ್ಸೆನ್ ಮತ್ತು ಜೊತೆಯವರು ಮರಿ ಗೂಬೆಗಳ ಒಂದು ಕಿವಿಗೆ ಬೆಣೆ ಇಟ್ಟು ಬೆಳೆಸಿದರು. ಮೊದಲು ಗುರಿ ತಪ್ಪಿತು. ಕೆಲವು ವಾರದಲ್ಲಿ ಕಿವಿಯಲ್ಲಿ ಬೆಣೆ ಇದ್ದ ಹಾಗೇ ಸರಿ ಗುರಿ ಹಿಡಿದವು. ಆಮೇಲೆ ಬೆಣೆ ತೆಗೆದರೆ ಈಗ ಎದುರು ದಿಕ್ಕಿಗೆ ತಪ್ಪತೊಡಗಿತು! ಮತ್ತೆ ನಿಧಾನವಾಗಿ ಸರಿ ಹೋಯಿತು. ಸುಮಾರು ಎಂಟು ವಾರ ದಾಟಿದ ಗೂಬೆಗಳಿಗೆ ಬೆಣೆ ಇಟ್ಟರೆ ಅವು ಹೊಂದಿಕೊಳ್ಳಲಿಲ್ಲ. ಇದು 1984ರ ಮಾತು.

ತಿದ್ದುವ ಮೇಷ್ಟ್ರು ಯಾರು? ಕಣ್ಣು. ಅದನ್ನು ತೋರಿಸಲು ಮರಿಗಳಿಗೆ ಒಂದು ಬಗೆಯ ಕನ್ನಡಕ ಹಾಕಿದರು. ಆ ಗಾಜಿನಲ್ಲಿ ನೋಡಿದರೆ ಎಲ್ಲವೂ 23 ಡಿಗ್ರಿ ಪಕ್ಕಕ್ಕೆ ಸರಿದು ಕಾಣುತ್ತೆ. ಅಂದರೆ ಕಣ್ಣೇ ಸುಳ್ಳು ಹೇಳುತ್ತೆ, ಕಿವಿ ನಿಜ ಹೇಳುತ್ತೆ. ಕೆಲವು ವಾರ ಕಳೆದ ಮೇಲೆ ಕಿವಿಯ ನಕ್ಷೆ ತಾನೂ ಪಕ್ಕಕ್ಕೆ ಸರಿದು ಸುಳ್ಳು ಹೇಳುವ ಕಣ್ಣಿಗೇ ಹೊಂದಿಕೊಂಡಿತು. ಮಿದುಳಿಗೆ ಸತ್ಯಕ್ಕಿಂತ ಹೊಂದಾಣಿಕೆ ಮುಖ್ಯ ಅಂತ ಇದನ್ನು ಓದಿದಾಗ ನನಗೆ ಅನ್ನಿಸಿತು. ಜಾಗದ ವಿಷಯದಲ್ಲಿ ಕಣ್ಣಿನ ಮಾತೇ ಕೊನೆಯ ಮಾತು ಅಂತ ಅದು ಮೊದಲೇ ಒಪ್ಪಿಕೊಂಡಂತಿದೆ. ಮೂಕ ಹಕ್ಕಿಗೆ ಇಂಥದ್ದೆಲ್ಲ ಮಾಡೋದು ನನಗೆ ಹಿಡಿಸೋದಿಲ್ಲ. ಆದರೆ ಬೇರೆ ದಾರಿಯಿಂದ ಇದು ತಿಳಿಯುತ್ತಿರಲಿಲ್ಲ ಅನ್ನೋದೂ ನಿಜ.

ದೊಡ್ಡ ಗೂಬೆಗಳಿಗೆ ಅದೇ ಕನ್ನಡಕವನ್ನು ಒಮ್ಮೆಗೇ ಹಾಕಿದರೆ ಕಲಿಯೋದು ತೀರಾ ಕಡಿಮೆ. ಮೊದಲು 6 ಡಿಗ್ರಿ, ಆಮೇಲೆ 11, ಹೀಗೆ ಸ್ವಲ್ಪ ಸ್ವಲ್ಪವಾಗಿ ಏರಿಸಿದರೆ ಅವೂ ಕಲಿಯುತ್ತವೆ ಅಂತ 2002ರಲ್ಲಿ ಗೊತ್ತಾಯಿತು. 2005ರಲ್ಲಿ ಇನ್ನೊಂದು ವಿಷಯ ತಿಳಿಯಿತು. ಸತ್ತ ಇಲಿಯನ್ನು ಮುಂದೆ ಇಟ್ಟು ಸಾಕಿದ ಗೂಬೆಗಿಂತ, ಜೀವಂತ ಇಲಿಯನ್ನು ತಾನೇ ಬೇಟೆಯಾಡಿದ ಗೂಬೆಯ ನಕ್ಷೆ ಬಹಳ ಹೆಚ್ಚು ತಿದ್ದಿಕೊಂಡಿತು. ಐವತ್ತು ದಾಟಿದ ನಮ್ಮಂಥವರು ಹೊಸ ಬೆಳೆ, ಹೊಸ ಯಂತ್ರ ಕಲಿಯೋದಕ್ಕೂ ಇದನ್ನು ಹೋಲಿಸಬಹುದೇನೋ. ಸಭೆಯಲ್ಲಿ ಕೂತು ಕೇಳಿದ್ದು ಮರೆಯುತ್ತೆ. ಕೈ ಹಾಕಿ ಮಾಡಿದ್ದು ಉಳಿಯುತ್ತೆ. ಗೂಬೆಯಿಂದ ಮನುಷ್ಯನಿಗೆ ನೇರ ಲೆಕ್ಕ ಹಾಕಬಾರದು, ಅದು ನನ್ನ ಮಾತು ಅಷ್ಟೆ.

ಸದ್ದಿಲ್ಲದ ರೆಕ್ಕೆ

ಗೂಬೆ ತಲೆ ಮೇಲೆ ಹಾರಿ ಹೋದರೂ ನಮಗೆ ಕೇಳೋದಿಲ್ಲ. ರೆಕ್ಕೆಯ ಮುಂದಿನ ಗರಿಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಎಳೆಗಳಿದಾವೆ, ಗರಿಯ ಮೇಲ್ಮೈ ಮಕಮಲ್ಲಿನ ಹಾಗೆ ಮೆತ್ತಗೆ. ಇಲಿಗೆ ಕೇಳಬಾರದು ಅಂತ ಇದು ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ನಮಗೆ ಹೊಳೆಯೋದಿಲ್ಲ: ಹಾರುವಾಗ ತನ್ನ ರೆಕ್ಕೆಯ ಸದ್ದು ತನ್ನ ಕಿವಿಗೇ ಅಡ್ಡ ಬರಬಾರದು. ಹಾರುತ್ತಾ ಇರುವಾಗಲೂ ಅದು ಕೆಳಗಿನ ಸದ್ದನ್ನು ಕೇಳಿಸಿಕೊಂಡು ದಾರಿ ತಿದ್ದಿಕೊಳ್ಳುತ್ತೆ.

ಅದಕ್ಕೆ ಬೇಕಾದದ್ದು ಸಣ್ಣ, ತೆಳು ಸದ್ದು. ಒಣ ಎಲೆ ಮುರಿದದ್ದು, ಇಲಿ ಕಾಯಿ ಕಡಿದದ್ದು, ಚೀಂ ಅಂದದ್ದು. ಪೇನ್ ಅವರ ಕತ್ತಲೆ ಕೋಣೆಯಲ್ಲಿ ಇಂಥ ತೆಳು ಸ್ವರಗಳನ್ನು ತೆಗೆದು ಬರೀ ದಪ್ಪ ಸ್ವರ ಕೇಳಿಸಿದಾಗ ಗೂಬೆಯ ಗುರಿ ಹಾಳಾಯಿತು. ಹೀಗಾಗಿ ಗದ್ದಲ ಇರುವ ಕಡೆ ಗೂಬೆಗೆ ಕೆಲಸ ಕಷ್ಟ. 2016ರಲ್ಲಿ ಅಮೆರಿಕದಲ್ಲಿ ಬೇರೊಂದು ಜಾತಿಯ ಸಣ್ಣ ಗೂಬೆಗಳಿಗೆ ಯಂತ್ರದ ಗದ್ದಲ ಕೇಳಿಸಿ ನೋಡಿದರು. ಗದ್ದಲ ಏರಿದಷ್ಟೂ ಇಲಿ ಹಿಡಿಯೋದು ಕಡಿಮೆ ಆಯಿತು. ನಮ್ಮಲ್ಲಿ ಹಂದಿ ಓಡಿಸಲು ರಾತ್ರಿಯಿಡೀ ಮೈಕಿನಲ್ಲಿ ನಾಯಿ ಕೂಗು ಹಾಕಿ ಬಿಡೋದು ಈಗ ರೂಢಿ ಆಗಿದೆ. ಹಂದಿ ನಾಲ್ಕು ದಿನದಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತೆ. ಆ ಹೊಲದಲ್ಲಿ ಗೂಬೆಗೆ ಇಲಿ ಕೇಳಿಸೋದು ಮಾತ್ರ ಅನುಮಾನ.

ವಿಷದ ಮಾತು

ಇಲ್ಲಿಯವರೆಗೆ ಬರೆದದ್ದೆಲ್ಲ ಬಂದು ನಿಲ್ಲೋದು ಇಲ್ಲಿ. ಇಷ್ಟು ಲೆಕ್ಕ ಗೊತ್ತಿರುವ ಹಕ್ಕಿ ಬೇಟೆಗೆ ಆರಿಸೋದು ಯಾವ ಇಲಿಯನ್ನು? ಸುಲಭಕ್ಕೆ ಸಿಗುವ ಇಲಿಯನ್ನು.

ನಾವು ಹಾಕುವ ಇಲಿ ವಿಷದಲ್ಲಿ ಬ್ರೋಮಾಡಿಯೋಲೋನ್ ಅನ್ನೋದು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ತಿಂದ ಇಲಿ ಕೂಡಲೇ ಸಾಯೋದಿಲ್ಲ, ಕೆಲವು ದಿನ ಹಿಡಿಯುತ್ತೆ. ಆ ದಿನಗಳಲ್ಲಿ ಅದು ಮಂಕಾಗಿ, ನಿಧಾನವಾಗಿ, ಬಯಲಲ್ಲೇ ತೆವಳುತ್ತಾ ಇರುತ್ತೆ. ಒಣ ಎಲೆ ಮೇಲೆ ಕಾಲೆಳೆದು ಸದ್ದು ಮಾಡುತ್ತೆ, ಮರೆಯಾಗೋದಿಲ್ಲ. ಕಿವಿಗೂ ಸಿಕ್ಕಿತು, ಕಣ್ಣಿಗೂ ಸಿಕ್ಕಿತು. ಗೂಬೆಯ ತಲೆಯಲ್ಲಿ ಎರಡೂ ನಕ್ಷೆ ಒಂದೇ ಜಾಗ ತೋರಿಸ್ತಾವೆ. ಆ ಇಲಿಯ ಈಲಿಯಲ್ಲಿ ವಿಷ ಉಳಿದಿರುತ್ತೆ. ಗೂಬೆ ಇಂಥ ಇಲಿಗಳನ್ನು ದಿನವೂ ತಿಂದರೆ ವಿಷ ಅದರ ಈಲಿಯಲ್ಲೂ ಸೇರುತ್ತಾ ಹೋಗಿ ಒಳಗೇ ರಕ್ತ ಸೋರಿ ಸಾಯಬಹುದು. ಕಣ್ಣು ಕಿವಿ ಎರಡೂ ಸರಿಯಾಗಿ ಹೇಳಿದ್ದರಿಂದಲೇ ಸಾವು ಬಂತು ಅನ್ನೋ ಹಾಗೆ ಆಗುತ್ತೆ. ವಿಷ ಇದೆಯೋ ಇಲ್ಲವೋ ಅಂತ ಹೇಳುವ ಇಂದ್ರಿಯ ಅದಕ್ಕಿಲ್ಲ.

ಜಿಂಕ್ ಫಾಸ್ಫೈಡ್ ಹೀಗೆ ಮಾಂಸದಲ್ಲಿ ಕೂಡಿಕೊಳ್ಳುವ ವಿಷ ಅಲ್ಲ. ಹೊಟ್ಟೆಯಲ್ಲಿ ಅನಿಲವಾಗಿ ಇಲಿಯನ್ನು ಬೇಗ ಕೊಲ್ಲುತ್ತೆ. ಆದರೆ ಹೊಟ್ಟೆಯಲ್ಲಿ ಉಳಿದದ್ದು ಅಪಾಯವೇ, ಮೇಲೆ ಚೆಲ್ಲಿದ ಕಾಳನ್ನು ತಿಂದು ನವಿಲು, ಕೌಜುಗ, ಕೋಳಿ ಸಾಯ್ತಾವೆ.

ವಿಷವೇ ಬೇಡ ಅಂತ ನಾನು ಹೇಳೋದಿಲ್ಲ. ಶೇಂಗಾ ಕಾಯಿ ಕಟ್ಟುವಾಗ ಬದುವಿನ ತುಂಬ ಬಿಲ ಎದ್ದರೆ ಗೂಬೆ ಬರಲಿ ಅಂತ ಕಾಯುತ್ತಾ ಕೂರಲು ಆಗೋದಿಲ್ಲ. ಹಾಕುವ ಕ್ರಮ ಇದೆ. ಸಂಜೆ ಕಂಡ ಬಿಲಗಳನ್ನೆಲ್ಲ ಮಣ್ಣಿಂದ ಮುಚ್ಚಿ. ಬೆಳಿಗ್ಗೆ ತೆರೆದಿರುವ ಬಿಲದಲ್ಲಿ ಮಾತ್ರ ಇಲಿ ಇದೆ ಅಂತ ಲೆಕ್ಕ, ಅವಕ್ಕೆ ಕಡ್ಡಿ ನೆಟ್ಟು ಗುರುತು ಮಾಡಿ. ಹೀಗೆ ಮಾಡಿದರೆ ಮುಕ್ಕಾಲು ಪಾಲು ಬಿಲ ಖಾಲಿ ಅಂತ ಗೊತ್ತಾಗೋದೂ ಉಂಟು. ವಿಷದ ಕಾಳನ್ನು ಕಾಗದದ ಪೊಟ್ಟಣ ಕಟ್ಟಿ ಬಿಲದ ಒಳಗೆ ತಳ್ಳಿ ಬಾಯಿ ಮುಚ್ಚಿ, ಬಯಲಲ್ಲಿ ಚೆಲ್ಲಬೇಡಿ. ಮುಂದಿನ ವಾರವಿಡೀ ಬೆಳಿಗ್ಗೆ ಬೆಳಿಗ್ಗೆ ಹೊಲ ಸುತ್ತಿ, ಸತ್ತ ಇಲಿ, ಮಂಕಾದ ಇಲಿ ಎರಡನ್ನೂ ಆಳವಾಗಿ ಹೂಳಿ. ಈ ಕೊನೆಯ ಕೆಲಸವನ್ನೇ ಜನ ಬಿಡೋದು.

ಗೂಬೆಗೆ ಜಾಗ

ಇಸ್ರೇಲಿನ ಸ್ಡೆ ಎಲಿಯಾಹು ಅನ್ನುವ ರೈತ ಸಮುದಾಯದ ಊರಿನಲ್ಲಿ 1983ರಿಂದ ಹೊಲಗಳಲ್ಲಿ ಕಣಜ ಗೂಬೆಗೆ ಪೆಟ್ಟಿಗೆ ಇಟ್ಟು ಇಲಿ ಕಡಿಮೆ ಮಾಡುತ್ತಾ ಬಂದಿದ್ದಾರೆ. ಆಮೇಲೆ ಜೋರ್ಡಾನ್ ಮತ್ತು ಪ್ಯಾಲೆಸ್ಟೀನಿನ ರೈತರೂ ಸೇರಿಕೊಂಡರು. ದೇಶಗಳು ಜಗಳ ಆಡುತ್ತಾ ಇದ್ದರೂ ಗೂಬೆಗೆ ಗಡಿ ಇಲ್ಲ. ಮಲೇಷ್ಯಾದ ತಾಳೆ ತೋಟಗಳಲ್ಲೂ ಪೆಟ್ಟಿಗೆ ಇಟ್ಟಿದ್ದಾರೆ. ಅಲ್ಲಿ ರಕ್ತ ಸೋರಿಸುವ ವಿಷ ಬಳಸಿದ ತೋಟದಲ್ಲಿ ಗೂಬೆಗಳು ಕಡಿಮೆಯಾದದ್ದನ್ನು 1980ರ ದಶಕದಲ್ಲೇ ಕಂಡಿದ್ದರು. ಪೆಟ್ಟಿಗೆಯೂ ವಿಷವೂ ಒಟ್ಟಿಗೆ ನಡೆಯೋದಿಲ್ಲ ಅನ್ನೋದು ಅಲ್ಲಿಂದ ಕಲಿಯಬೇಕಾದದ್ದು.

ಪೆಟ್ಟಿಗೆಗೆ ಹಳೇ ಹಲಗೆ ಸಾಕು. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರ, ಒಂದು ಬದಿಯಲ್ಲಿ ಅರ್ಧ ಅಡಿಯ ಬಾಗಿಲು. ಬಾಗಿಲು ತಳಕ್ಕಿಂತ ಸ್ವಲ್ಪ ಮೇಲಿರಲಿ, ಇಲ್ಲದಿದ್ದರೆ ಮರಿ ಉರುಳುತ್ತೆ. ಹತ್ತು-ಹದಿನೈದು ಅಡಿ ಎತ್ತರದಲ್ಲಿ, ಪಡುವಣ ಬಿಸಿಲು ಹೊಡೆಯದ ಹಾಗೆ, ಬೇವು ಅಥವಾ ಹುಣಸೆಯ ನೆರಳಲ್ಲಿ ಕಟ್ಟಬೇಕು. ನಮ್ಮ ಬೇಸಿಗೆಗೆ ತಗಡು ಬೇಡವೇ ಬೇಡ, ಮರಿ ಬೆಂದು ಹೋಗ್ತಾವೆ. ಇಟ್ಟ ವರ್ಷವೇ ಗೂಬೆ ಬಂದು ಕೂರುತ್ತೆ ಅಂತ ಇಲ್ಲ. ಪೊಟರೆ ಇರುವ ಹಳೇ ಮರ ಕಡಿಯದೆ ಬಿಟ್ಟರೆ ಪೆಟ್ಟಿಗೆಯ ಖರ್ಚೂ ಉಳಿಯುತ್ತೆ.

ಹೊಲದ ನಡುವೆ ಕೂತು ಕೇಳಲು ಅದಕ್ಕೊಂದು ಪೀಠ ಬೇಕು. ತೊಗರಿಯಲ್ಲಿ ಕಾಯಿಕೊರಕ ಹಿಡಿಯುವ ಹಕ್ಕಿಗಳಿಗೆ ಕವೆಗೋಲು ನೆಡ್ತೀವಲ್ಲ, ಅದೇ, ಆದರೆ ಗಟ್ಟಿ ಇರಲಿ, ಹತ್ತು ಅಡಿ ಎತ್ತರ ಇರಲಿ. ಮೇಲೆ ಅಡ್ಡಕ್ಕೆ ಮುಂಗೈ ದಪ್ಪದ ಕೊಂಬೆ ಕಟ್ಟಿ. ಕೂತಿರುವ ಗೂಬೆಗೆ ಗಾಳಿಯ ಸದ್ದು ಅಡ್ಡ ಬರೋದಿಲ್ಲ, ಹಾರುವ ಶ್ರಮವೂ ಇಲ್ಲ.

ಯಾವ ಗೂಬೆಯನ್ನೂ ಹಿಡಿಯೋದು, ಕೊಲ್ಲೋದು, ಮಾರೋದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪ್ರಕಾರ ಅಪರಾಧ. ದೀಪಾವಳಿ ಹೊತ್ತಿಗೆ ಮಾಟ ಮಂತ್ರ, ನಿಧಿ ಅಂತ ಹೇಳಿಕೊಂಡು ಗೂಬೆ ಕೇಳುತ್ತಾ ಊರೂರು ತಿರುಗುವವರು ಇದ್ದಾರೆ. ದುಡ್ಡು ತೋರಿಸ್ತಾರೆ. ಸಣ್ಣ ಹುಡುಗರಿಗೆ ಮೊದಲೇ ಹೇಳಿ ಇಡಬೇಕು.

ನಿಮ್ಮ ಕಡೆ ಗೂಬೆ ಏನು ತಿನ್ನುತ್ತಿದೆ ಅಂತ ನೋಡೋದೂ ಸುಲಭ. ಅದು ಇಲಿಯನ್ನು ಇಡಿಯಾಗಿ ನುಂಗುತ್ತೆ. ಕರಗದ ಮೂಳೆ, ಕೂದಲನ್ನು ಹೆಬ್ಬೆರಳ ಗಾತ್ರದ ಕಪ್ಪು ಉಂಡೆ ಮಾಡಿ ಬಾಯಿಂದ ಕಕ್ಕುತ್ತೆ. ಅದು ಕೂರುವ ಜಾಗದ ಕೆಳಗೆ ಈ ಉಂಡೆಗಳು ಬಿದ್ದಿರ್ತಾವೆ. ಒಣಗಿದ್ದನ್ನು ಆರಿಸಿ ಬಕೆಟ್ ನೀರಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿ, ಕೈ ಸೋಪಿನಲ್ಲಿ ತೊಳೆದುಕೊಳ್ಳಿ. ಒಂದೊಂದು ಉಂಡೆಯಲ್ಲಿ ಎಷ್ಟು ತಲೆಬುರುಡೆ ಇದಾವೆ ಅಂತ ಎಣಿಸಬಹುದು. ಉದ್ದ ಬಾಗಿದ ಹಳದಿ ಮುಂಹಲ್ಲು ಇದ್ದರೆ ಇಲಿ, ಚೂಪು ಸಣ್ಣ ಹಲ್ಲಿನ ಸಾಲು ಇದ್ದರೆ ಸುಂಡಿಲಿ. ಮಳೆಗಾಲಕ್ಕೆ ಮೊದಲೊಮ್ಮೆ, ಶೇಂಗಾ ಕಿತ್ತ ಮೇಲೊಮ್ಮೆ ಎಣಿಸಿ ಬರೆದಿಟ್ಟುಕೊಂಡವರು ಪತ್ರಿಕೆಗೆ ತಿಳಿಸಿ.